ತೋಪು ಉಳಿಸಿದ್ದನ್ನು ಪಿಕಾಸಿ ಕೆಡವಿತು

1857ರ ಬಂಡಾಯದ ಬಗ್ಗೆ ಬರೆದ ಪುಸ್ತಕಗಳಲ್ಲಿ ಒಂದು ಫೋಟೋ ಮತ್ತೆ ಮತ್ತೆ ಎದುರಾಗುತ್ತದೆ. ಲಖನೌದ ಸಿಕಂದರ್ ಬಾಗ್ ಎಂಬ ತೋಟದ ಅರಮನೆಯ ಅಂಗಳ ಅದು. ಹಿಂದೆ ಗುಂಡಿನೇಟಿಗೆ ಗಾರೆ ಕಿತ್ತುಹೋದ ಕಂಬಗಳ ಮಂಟಪ, ಅದರ ಎದುರು ಕೆಲವು ಭಾರತೀಯರು ಮತ್ತು ಒಂದು ಕುದುರೆ, ಮುಂದಿನ ನೆಲದ ತುಂಬ ಮನುಷ್ಯರ ಮೂಳೆ, ತಲೆಬುರುಡೆ. ಇದನ್ನು ತೆಗೆದವನು ಫೆಲಿಚೆ ಬೆಯಾಟೊ, ತೆಗೆದದ್ದು 1858ರ ಬೇಸಿಗೆ ಶುರುವಾಗುವ ಹೊತ್ತಿಗೆ. ಆದರೆ ಚಿತ್ರದ ಜೊತೆ ಮಾರಾಟವಾದ ಶೀರ್ಷಿಕೆ 1857ರ ನವೆಂಬರಿನ ಕಾಳಗವನ್ನು ಹೇಳುತ್ತದೆ: ಸರ್ ಕಾಲಿನ್ ಕ್ಯಾಂಬೆಲ್ ಮಾಡಿದ ಮೊದಲ ದಾಳಿಯಲ್ಲಿ 93ನೇ ಹೈಲ್ಯಾಂಡರ್ಸ್ ಮತ್ತು 4ನೇ ಪಂಜಾಬ್ ದಳದವರು ಎರಡು ಸಾವಿರ ಬಂಡಾಯಗಾರರನ್ನು ಕೊಂದ ಜಾಗ ಇದು ಎಂದು. ಕಾಳಗಕ್ಕೂ ಕ್ಯಾಮೆರಾಕ್ಕೂ ನಡುವೆ ನಾಲ್ಕು ತಿಂಗಳಿಗಿಂತ ಹೆಚ್ಚು ಅಂತರವಿದೆ. ಆಗ ಲಖನೌ ಸೇರಿದ ಅವಧ್ ಪ್ರಾಂತ್ಯದಲ್ಲಿ ನ್ಯಾಯಾಧಿಕಾರಿಯಾಗಿದ್ದ ಜಾರ್ಜ್ ಕ್ಯಾಂಬೆಲ್ (ಸೇನಾಪತಿಯಲ್ಲ, ಬೇರೆ ಕ್ಯಾಂಬೆಲ್) ತಮ್ಮ ಆತ್ಮಕಥನದಲ್ಲಿ ಒಂದು ಮಾತು ಬರೆದಿಟ್ಟಿದ್ದಾರೆ. ಹೆಣಗಳನ್ನು ಅದಾಗಲೇ ಮರ್ಯಾದೆಯಿಂದ ಮುಚ್ಚಲಾಗಿತ್ತು, ಫೋಟೋಗ್ರಾಫರ್ ಹಟ ಹಿಡಿದು ಅವನ್ನು ಮತ್ತೆ ತೆರೆಸಿದ ಎಂಬುದು ಅದರ ಸಾರ. ಈ ಚಿತ್ರದ ಕುರಿತ ಚರ್ಚೆಯೆಲ್ಲ ಸಾಮಾನ್ಯವಾಗಿ ಮೂಳೆಗಳ ಸುತ್ತಲೇ ತಿರುಗುತ್ತದೆ. ಅದು ಸಹಜವೇ. ಆದರೆ ಮೂಳೆಗಳ ಹಿಂದೆ ನಿಂತಿರುವ ಕಟ್ಟಡದ ಕಡೆಗೂ ನೋಡಬೇಕು. ಅದು ನಿಂತಿದೆ, ಪೆಟ್ಟು ತಿಂದಿದೆ, ಆದರೂ ನಿಂತಿದೆ. ಬೆಯಾಟೊ ಲಖನೌದಲ್ಲಿ ತೆಗೆದ ಚಿತ್ರಗಳನ್ನು ನಾವು ನೂರೈವತ್ತು ವರ್ಷಗಳಿಂದ ನಾಶದ ದಾಖಲೆ ಎಂದು ಓದುತ್ತ ಬಂದಿದ್ದೇವೆ. ಅವುಗಳಲ್ಲಿ ಹೆಚ್ಚಿನವು ನಿಜಕ್ಕೂ ಹೇಳುವುದು, ಯುದ್ಧ ಮುಗಿದ ಮೇಲೂ ಈ ಊರಲ್ಲಿ ಎಷ್ಟೊಂದು ಉಳಿದಿತ್ತು ಎಂಬುದನ್ನು. ಉಳಿದದ್ದು ಆಮೇಲೆ ಹೋಯಿತು, ಆಳುವವರ ಆಜ್ಞೆಯಿಂದ, ಶಾಂತಿಕಾಲದಲ್ಲಿ.

ಬೆಯಾಟೊ ವೆನಿಸ್ ಮೂಲದವನು, ಬ್ರಿಟಿಷ್ ಪ್ರಜೆ. ಭಾವ ಜೇಮ್ಸ್ ರಾಬರ್ಟ್‌ಸನ್ ಜೊತೆ ಸೇರಿ ಕ್ರಿಮಿಯಾ ಯುದ್ಧದ ಕೊನೆಯಲ್ಲಿ ಸೆವಾಸ್ತೊಪೋಲ್ ಕೋಟೆಯ ಪಾಳುಗಳನ್ನು ಚಿತ್ರಿಸಿದ್ದ. 1858ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ಇಳಿದ. ಮಾರ್ಚ್ ಮೂರನೇ ವಾರ ಲಖನೌ ಪೂರ್ತಿಯಾಗಿ ಬ್ರಿಟಿಷರ ಕೈಗೆ ಬಂದ ಸ್ವಲ್ಪದರಲ್ಲೇ ಆತ ಅಲ್ಲಿದ್ದ. ಆ ಕಾಲದ ಬಹುತೇಕ ಛಾಯಾಗ್ರಾಹಕರು ಕೊಲೋಡಿಯನ್ ಹಚ್ಚಿದ ಗಾಜನ್ನು ಬಳಸುತ್ತಿದ್ದರು. ಅದು ಒದ್ದೆ ಇರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಡೆವಲಪ್ ಮಾಡಬೇಕು. ಉತ್ತರ ಭಾರತದ ಏಪ್ರಿಲ್ ಬಿಸಿಲಲ್ಲಿ ಅದೊಂದು ಪರದಾಟ. ಬೆಯಾಟೊ ಬಳಸಿದ್ದು ಮೊಟ್ಟೆಯ ಬಿಳಿಲೋಳೆ ಲೇಪಿಸಿದ ಗಾಜು. ಇದನ್ನು ಮೊದಲೇ ಸಿದ್ಧಮಾಡಿ ಒಯ್ಯಬಹುದು, ಡೆವಲಪ್ ಮಾಡಲು ಅವಸರವಿಲ್ಲ, ಸೂಕ್ಷ್ಮ ವಿವರಗಳು ಚೆನ್ನಾಗಿ ಮೂಡುತ್ತವೆ. ಆದರೆ ಬೆಳಕಿಗೆ ಒಡ್ಡುವ ಹೊತ್ತು ಜಾಸ್ತಿ ಬೇಕು. ಅಲುಗುವ ಜೀವ ಮಸುಕಾಗುತ್ತದೆ, ಅಲುಗದ ಇಟ್ಟಿಗೆ ಒಂದೊಂದಾಗಿ ಕಾಣುತ್ತದೆ. ಹೀಗಾಗಿ ಬೆಯಾಟೊನ ಲಖನೌ ಕಟ್ಟಡಗಳ ಲಖನೌ. ಕಮಾನಿನ ಅಂಚು, ಕಟಾಂಜನದ ಕೆತ್ತನೆ, ಬಾಗಿಲ ಮೇಲಿನ ಜೋಡಿಮೀನಿನ ಲಾಂಛನ ಎಲ್ಲವೂ ಇಂದಿಗೂ ಓದುವಷ್ಟು ಸ್ಪಷ್ಟವಾಗಿವೆ.

ಆ ಕಟ್ಟಡಗಳು ಹಳೆಯವು ಎಂದು ನಮಗೆ ಅನಿಸುವುದು ಈ ಫೋಟೋಗಳು ಹುಟ್ಟಿಸಿದ ಮೊದಲ ಭ್ರಮೆ. ಕೈಸರ್‌ಬಾಗ್ ಅರಮನೆ ಸಮುಚ್ಚಯವನ್ನು ನವಾಬ ವಾಜಿದ್ ಅಲಿ ಶಾ ಕಟ್ಟಿಸಿದ್ದು 1848ರಿಂದ 1850ರ ನಡುವೆ. ಬೆಯಾಟೊನ ಕ್ಯಾಮೆರಾ ಅದರ ಎದುರು ನಿಂತಾಗ ಅದಕ್ಕೆ ಹತ್ತು ವರ್ಷ ಕೂಡ ತುಂಬಿರಲಿಲ್ಲ. ಸಿಕಂದರ್ ಬಾಗ್ ಕೂಡ ಅದೇ ನವಾಬನ ಕಾಲದ್ದು. 1856ರ ಫೆಬ್ರವರಿಯಲ್ಲಿ ಕಂಪನಿ ಸರಕಾರ ಅವಧ್ ರಾಜ್ಯವನ್ನು ನುಂಗಿ ನವಾಬನನ್ನು ಕಲ್ಕತ್ತಾದ ಮಟಿಯಾಬುರ್ಜ್‌ಗೆ ಸಾಗಹಾಕುವವರೆಗೆ ಕೈಸರ್‌ಬಾಗ್ ಜನರಿಂದ, ಸಂಗೀತದಿಂದ, ಜಗಳದಿಂದ ತುಂಬಿದ್ದ ವಾಸದ ಮನೆ. ಬಂಡಾಯದ ತಿಂಗಳುಗಳಲ್ಲಿ ಬೇಗಂ ಹಜ್ರತ್ ಮಹಲ್ ತನ್ನ ಹುಡುಗ ಬಿರ್ಜಿಸ್ ಖದ್ರ್‌ನನ್ನು ಗಾದಿಗೆ ಕೂರಿಸಿ ಸರಕಾರ ನಡೆಸಿದ್ದು ಇಲ್ಲಿಂದಲೇ. ಲಖನೌದ ಈ ಕಟ್ಟಡಗಳು ಕಲ್ಲಿನವಲ್ಲ, ತೆಳು ಇಟ್ಟಿಗೆಯವು, ಮೇಲೆ ಸುಣ್ಣದ ಗಾರೆ. ಗುಂಡು ತಾಗಿದರೆ ಗಾರೆ ಚಕ್ಕೆಯಾಗಿ ಉದುರಿ ಒಳಗಿನ ಇಟ್ಟಿಗೆ ಬಯಲಾಗುತ್ತದೆ. ಒಂದು ಮಳೆಗಾಲ ಕಳೆದರೆ ಇನ್ನೂ ವಿಕಾರ. ಫೋಟೋದಲ್ಲಿ ಅದು ಶತಮಾನಗಳ ಪಾಳಿನಂತೆ ಕಾಣುತ್ತದೆ. ಹಂಪಿಯ ಕಲ್ಲುಮಂಟಪ ಆ ಸ್ಥಿತಿಗೆ ಬರಲು ಎಷ್ಟೋ ತಲೆಮಾರು ಹಿಡಿಯುತ್ತದೆ, ಗಾರೆಯ ಗೋಡೆಗೆ ಒಂದು ಮಧ್ಯಾಹ್ನ ಸಾಕು. ಗೋಡೆ ಗಟ್ಟಿಯಿದ್ದರೆ ಊರಿನ ಗಾರೆಯವರು ಅದನ್ನು ಮತ್ತೆ ಸರಿಮಾಡಬಲ್ಲರು ಎಂಬುದು ಮಾತ್ರ ಫೋಟೋ ನೋಡಿದವರಿಗೆ ತೋಚುವುದಿಲ್ಲ. ಹೊಸ ಕಟ್ಟಡಕ್ಕೆ ಹಳತನದ ಮುಖ ಬಂದದ್ದರಿಂದ, ಅದನ್ನು ಕೆಡವುವ ಮಾತು ಬಂದಾಗ ಒಂದು ಜೀವಂತ ಮನೆಯನ್ನು ಕೆಡವುತ್ತಿದ್ದೇವೆ ಎಂಬ ಅಳುಕು ಯಾರಿಗೂ ಬರುವ ಕಾರಣ ಉಳಿಯಲಿಲ್ಲ.

ಎರಡನೆಯದು ದಾರಿಯ ಮಾತು. ಬೆಯಾಟೊನ ಲಖನೌ ಚಿತ್ರಗಳನ್ನು ಸಾಲಾಗಿ ಇಟ್ಟರೆ ದಿಲ್‌ಕುಶಾ, ಲಾ ಮಾರ್ಟಿನಿಯೆರ್, ಸಿಕಂದರ್ ಬಾಗ್, ಶಾ ನಜಫ್, ಮೋತಿ ಮಹಲ್, ಛತ್ತರ್ ಮಂಜಿಲ್, ರೆಸಿಡೆನ್ಸಿ, ಕೈಸರ್‌ಬಾಗ್ ಬರುತ್ತವೆ. ಇದು ಸ್ಥೂಲವಾಗಿ ಕ್ಯಾಂಬೆಲ್ ಸೈನ್ಯ ಮುನ್ನುಗ್ಗಿದ ದಾರಿ. ಆ ಕಾಲದ ಪತ್ರಿಕೆಗಳು ಫೋಟೋವನ್ನು ನೇರವಾಗಿ ಅಚ್ಚುಹಾಕುವಂತಿರಲಿಲ್ಲ, ಮರದಚ್ಚಿನ ಕೆತ್ತನೆಯಾಗಿ ಮಾರ್ಪಡಿಸಬೇಕಿತ್ತು. ಹಾಗಾಗಿ ಮೂಲ ಪ್ರತಿಗಳನ್ನು ಕೊಂಡು ಆಲ್ಬಮ್ಮಿಗೆ ಅಂಟಿಸಿಕೊಂಡ ಗಿರಾಕಿಗಳಲ್ಲಿ ಯುದ್ಧದಲ್ಲಿದ್ದ ಅಧಿಕಾರಿಗಳೇ ಮುಖ್ಯರಾದವರು. ತಾವು ಎಲ್ಲಿ ನಿಂತಿದ್ದೆವು, ಯಾವ ಗೋಡೆ ಒಡೆದು ನುಗ್ಗಿದೆವು, ಯಾರು ಎಲ್ಲಿ ಸತ್ತರು ಎಂದು ಊರಿಗೆ ಹೋಗಿ ತೋರಿಸಲು ಅವು ಬೇಕಿದ್ದವು. ಪರಿಣಾಮವಾಗಿ ಒಂದು ದೊಡ್ಡ ನಗರ ಒಂದೇ ದಾರಿಯ ಎರಡು ಪಕ್ಕವಾಗಿ ಇಳಿದುಹೋಯಿತು. ಸೈನ್ಯ ಹೋಗದ ಓಣಿ, ಬಜಾರು, ಚೌಕದ ಹಿಂದಿನ ಮನೆಗಳು ಎಲ್ಲೋ ದೂರದ ಪನೋರಮಾದಲ್ಲಿ ಹೆಂಚು, ತಾರಸಿ, ಮರದ ತಲೆಯಾಗಿ ಕಾಣಿಸಿ ಮಾಯವಾಗುತ್ತವೆ. ಮುಂದೆ ಅತಿ ಹೆಚ್ಚು ಕೆಡವಲ್ಪಟ್ಟದ್ದು ಹೀಗೆ ಹತ್ತಿರದಿಂದ ಯಾರೂ ಚಿತ್ರ ತೆಗೆಯದ ಭಾಗವೇ.

ಕೆಡವುವ ಯೋಜನೆ ಬರೆದವರು ಬಂಗಾಳ ಇಂಜಿನಿಯರ್ಸ್‌ನ ರಾಬರ್ಟ್ ನೇಪಿಯರ್. ಮುಂದೆ ಅಬಿಸೀನಿಯಾ ಯುದ್ಧದಿಂದ ಹೆಸರು ಗಳಿಸಿ ಲಾರ್ಡ್ ಆದವರು ಇವರೇ. ಲಖನೌವನ್ನು ಸೈನಿಕವಾಗಿ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂದು 1858ರಲ್ಲಿ ಅವರು ಕೊಟ್ಟ ಟಿಪ್ಪಣಿಯ ತರ್ಕ ಸರಳ. ಇಕ್ಕಟ್ಟಿನ ಓಣಿಗಳಲ್ಲಿ ಬಂಡಾಯಗಾರರಿಗೆ ಅನುಕೂಲ. ಆದ್ದರಿಂದ ಕೋಟೆಗಳ ಸುತ್ತ ಬಯಲು ಮಾಡಬೇಕು, ಊರಿನ ನಡುವೆ ಸೈನ್ಯ ವೇಗವಾಗಿ ಸಾಗುವಂಥ ಅಗಲ ರಸ್ತೆಗಳನ್ನು ಸೀಳಬೇಕು. ಈ ಯೋಜನೆ ಜಾರಿಗೆ ಬಂದ ಬಗೆಯನ್ನು ಇತಿಹಾಸಕಾರ್ತಿ ವೀಣಾ ತಲವಾರ್ ಓಲ್ಡನ್‌ಬರ್ಗ್ ತಮ್ಮ 1984ರ ಪುಸ್ತಕದಲ್ಲಿ ಕಡತಗಳನ್ನು ತೆರೆದು ತೋರಿಸಿದ್ದಾರೆ: ಮನೆ, ಮಸೀದಿ, ಬಜಾರು ಎನ್ನದೆ ಹಳೆಯ ಊರಿನ ಬಹುದೊಡ್ಡ ಭಾಗ ನೆಲಸಮವಾಯಿತು. ಕೈಸರ್‌ಬಾಗ್‌ನ ಒಂದಷ್ಟು ಕಟ್ಟಡ ಉರುಳಿದವು, ಉಳಿದ ಮನೆಗಳು ಸರಕಾರಕ್ಕೆ ನಿಷ್ಠೆ ತೋರಿದ ತಾಲೂಕುದಾರರ ಪಾಲಾದವು. 1784ರ ಬರಗಾಲದಲ್ಲಿ ಜನರಿಗೆ ಕೂಲಿ ಕೊಡಲೆಂದು ಆಸಫುದ್ದೌಲ ಕಟ್ಟಿಸಿದ ದೊಡ್ಡ ಇಮಾಂಬಾಡಾ ಸೈನ್ಯದ ವಶಕ್ಕೆ ಹೋಗಿ ಎಷ್ಟೋ ವರ್ಷ ಅಲ್ಲೇ ಉಳಿಯಿತು. ಛತ್ತರ್ ಮಂಜಿಲ್ ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಾಯಿತು. ಮಚ್ಛೀ ಭವನದ್ದು ಇನ್ನೂ ವಿಚಿತ್ರ ಕತೆ. ನವಾಬರಿಗಿಂತ ಹಳೆಯದಾದ ಆ ಕೋಟೆಯನ್ನು ಸಿಡಿಮದ್ದಿಟ್ಟು ಹಾರಿಸಿದವರು ಬ್ರಿಟಿಷರೇ, 1857ರ ಜುಲೈ ಆರಂಭದಲ್ಲಿ, ರೆಸಿಡೆನ್ಸಿಗೆ ಹಿಮ್ಮೆಟ್ಟುವಾಗ. ಬೆಯಾಟೊ ತೆಗೆದ ಅದರ ಪಾಳು ಮಾತ್ರ ದಂಗೆಯ ಪಾಳುಗಳ ಸಾಲಿಗೇ ಸೇರಿಕೊಂಡಿದೆ. ಗೋಡೆಯ ಮೇಲಿನ ತೂತು ಯಾರ ಗುಂಡಿನದು ಎಂದು ಗೋಡೆ ಹೇಳುವುದಿಲ್ಲ, ಆ ಕೆಲಸವನ್ನು ಶೀರ್ಷಿಕೆ ವಹಿಸಿಕೊಳ್ಳುತ್ತದೆ.

ಇದಕ್ಕೆ ಎದುರಾಗಿ ಬ್ರಿಟಿಷ್ ರೆಸಿಡೆಂಟನ ವಾಸಸ್ಥಾನವಾಗಿದ್ದ ರೆಸಿಡೆನ್ಸಿಯನ್ನು ಇಡಬೇಕು. 1857ರ ಜೂನ್ ಕೊನೆಯಿಂದ ನವೆಂಬರಿನವರೆಗೆ ಮುತ್ತಿಗೆಗೆ ಸಿಕ್ಕಿ ಬಂಡಾಯಗಾರರ ತೋಪಿನೇಟು ತಿಂದ ಕಟ್ಟಡಗಳ ಗುಂಪು ಅದು. ಅವಧ್‌ನ ಬ್ರಿಟಿಷ್ ಮುಖ್ಯಾಧಿಕಾರಿ ಹೆನ್ರಿ ಲಾರೆನ್ಸ್ ಗಾಯಗೊಂಡು ಸತ್ತದ್ದು ಅಲ್ಲೇ. ಅದರ ಹಾನಿ ದೊಡ್ಡದು, ಅದನ್ನು ಮಾಡಿದವರು ಬಂಡಾಯಗಾರರು, ಇದರಲ್ಲಿ ಅನುಮಾನವಿಲ್ಲ. ಯುದ್ಧ ಮುಗಿದ ಮೇಲೆ ಅದನ್ನು ರಿಪೇರಿ ಮಾಡಲಿಲ್ಲ, ಕೆಡವಲೂ ಇಲ್ಲ. ಮುರಿದ ಗೋಡೆಯನ್ನು ಮುರಿದಂತೆಯೇ ಕಾಪಾಡಿ, ಸುತ್ತ ಹುಲ್ಲು ಬೆಳೆಸಿ, ಕಲ್ಲಿನ ಫಲಕ ನೆಟ್ಟು, ಸೂರ್ಯ ಮುಳುಗಿದರೂ ಇಳಿಯದ ಯೂನಿಯನ್ ಜಾಕ್ ಹಾರಿಸಿದರು. ಅದು ಇಳಿದದ್ದು 1947ರ ಆಗಸ್ಟಿನಲ್ಲಿ. ಆ ಕಟ್ಟಡಗಳೂ ಮೂಲದಲ್ಲಿ ನವಾಬರ ದುಡ್ಡಿನಿಂದಲೇ ಎದ್ದವು ಎಂಬುದು ಇಲ್ಲಿನ ವ್ಯಂಗ್ಯ. ಒಂದೇ ಊರಲ್ಲಿ, ಒಂದೇ ಯುದ್ಧದಲ್ಲಿ ಪೆಟ್ಟು ತಿಂದ ಎರಡು ಬಗೆಯ ಕಟ್ಟಡಗಳಲ್ಲಿ ಒಂದು ಬಗೆ ಸ್ಮಾರಕವಾಯಿತು, ಇನ್ನೊಂದು ರಸ್ತೆಯಾಯಿತು. ಹಾಗಾಗಿ ಇಂದು ಲಖನೌದಲ್ಲಿ 1857ರ ಗುಂಡಿನ ಗುರುತು ನೋಡಬೇಕೆಂದರೆ ಮುಖ್ಯವಾಗಿ ರೆಸಿಡೆನ್ಸಿಗೇ ಹೋಗಬೇಕು, ಅಲ್ಲಿ ಕಾಣುವುದು ಬಂಡಾಯಗಾರರು ಮಾಡಿದ ಹಾನಿ. ಸಿಕಂದರ್ ಬಾಗ್‌ನ ಹೆಬ್ಬಾಗಿಲೂ ಒಂದಿಷ್ಟು ಗೋಡೆಯೂ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ಮಗ್ಗುಲಲ್ಲಿ ಉಳಿದಿವೆ. ಆ ದಿನ ಮರವೇರಿ ಗುಂಡು ಹಾರಿಸಿದಳೆಂದು ಜನ ನಂಬುವ ಊದಾ ದೇವಿಯ ಪ್ರತಿಮೆಯನ್ನು ಅದರ ಹತ್ತಿರ ನಿಲ್ಲಿಸಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ನಂತರ.

ದಿಲ್ಲಿಯಲ್ಲೂ ಇದೇ ಕ್ರಮ. ಬೆಯಾಟೊ ಅಲ್ಲಿ ತೆಗೆದವುಗಳಲ್ಲಿ ಎದ್ದು ಕಾಣುವುದು ಕಾಶ್ಮೀರಿ ಗೇಟಿನ ಗುಂಡಿನ ತೂತುಗಳು, ಹಿಂದೂರಾಯನ ಮನೆ, ದಿಬ್ಬದ ಮೇಲಿನ ಫ್ಲ್ಯಾಗ್‌ಸ್ಟಾಫ್ ಗೋಪುರ. ಬ್ರಿಟಿಷ್ ಸೈನ್ಯ ತಾಳಿಕೊಂಡ, ನುಗ್ಗಿದ ಜಾಗಗಳಿವು. ಕೆಂಪುಕೋಟೆಯ ಒಳಗಿನ ಅರಮನೆಯಲ್ಲಿ ದೊಡ್ಡ ಕಾಳಗವೇ ನಡೆದಿರಲಿಲ್ಲ. ಯುದ್ಧ ಮುಗಿದಾಗ ಅದು ಬಹುಮಟ್ಟಿಗೆ ಇಡಿಯಾಗಿತ್ತು. ಅದರ ಹೆಚ್ಚಿನ ಭಾಗವನ್ನು ನಂತರದ ವರ್ಷಗಳಲ್ಲಿ ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು, ಕೋಟೆಯ ಸುತ್ತ ನಾನೂರು ಗಜಕ್ಕೂ ಮಿಕ್ಕ ಅಗಲದ ಬಯಲಿಗಾಗಿ ಮೊಹಲ್ಲಾಗಳನ್ನೇ ಅಳಿಸಿದರು. ಜಾಮಾ ಮಸೀದಿಯನ್ನು ಮುಸ್ಲಿಮರಿಗೆ ಮರಳಿ ಕೊಟ್ಟದ್ದು 1862ರಲ್ಲಿ. ಮಿರ್ಜಾ ಗಾಲಿಬ್ ಆ ವರ್ಷಗಳಲ್ಲಿ ಸ್ನೇಹಿತರಿಗೆ ಬರೆದ ಕಾಗದಗಳಲ್ಲಿ ಯಾವ ಬಜಾರು ಹೋಯಿತು, ಯಾವ ಬಾವಿ ಮುಚ್ಚಿತು ಎಂದು ಲೆಕ್ಕ ಕೊಡುತ್ತ ಹೋಗುತ್ತಾರೆ. ಕ್ಯಾಮೆರಾ ನೋಡದ್ದನ್ನು ದಾಖಲಿಸಿದ್ದು ಆ ಕಾಗದಗಳು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ತನ್ನ 1876ರ ಗ್ರಂಥದಲ್ಲಿ, ಕೆಂಪುಕೋಟೆಯ ಜನಾನಾ ಅಂಗಳಗಳನ್ನು ಕೆಡವುವ ಮೊದಲು ಒಂದು ನಕ್ಷೆ ಬರೆದಿಟ್ಟುಕೊಳ್ಳಬೇಕೆಂದೂ ಅಧಿಕಾರಿಗಳಿಗೆ ಅನಿಸಲಿಲ್ಲವಲ್ಲ ಎಂದು ಸಿಟ್ಟಾಗುತ್ತಾನೆ. ಆತ ಬ್ರಿಟಿಷನೇ, ಸಾಮ್ರಾಜ್ಯದ ವಿರೋಧಿಯೇನಲ್ಲ, ಹಾಗಾಗಿ ಸಾಕ್ಷಿಗೆ ತೂಕ ಹೆಚ್ಚು. ಇದೇ ಫರ್ಗ್ಯುಸನ್ ಲಖನೌದ ನವಾಬಿ ಶೈಲಿಯ ಬಗ್ಗೆ ಬರೆಯುವಾಗ ಮೂಗು ಮುರಿಯುತ್ತಾನೆ. ಯುರೋಪಿನ ಕಂಬ, ಮೊಘಲ್ ಕಮಾನು ಬೆರೆಸಿದ ಅಡ್ಡಕಸುಬಿ ಕೆಲಸ ಅದು ಎಂಬುದು ಆತನ ಒಟ್ಟು ಅಭಿಪ್ರಾಯ. ದಿಲ್ಲಿಗಾಗಿ ಅಳಲು ಒಬ್ಬನಾದರೂ ಸಿಕ್ಕ, ಲಖನೌಗೆ ಆ ಭಾಗ್ಯವೂ ಇರಲಿಲ್ಲ.

ಇಷ್ಟು ಹೇಳಿದರೆ ಬರುವ ಮೊದಲ ಆಕ್ಷೇಪ ತಂತ್ರಜ್ಞಾನದ್ದು. ನಿಧಾನದ ಗಾಜು, ಭಾರದ ಪೆಟ್ಟಿಗೆ. ಓಡುವ ಸೈನಿಕನನ್ನು ಹಿಡಿಯಲಾಗದವನು ನಿಂತ ಗೋಡೆಯನ್ನಲ್ಲದೆ ಇನ್ನೇನನ್ನು ತೆಗೆಯಬೇಕಿತ್ತು? ಪಾಳುಗಳ ಮೇಲೆ ಕಣ್ಣು ಬಿದ್ದದ್ದು ಅನಿವಾರ್ಯತೆಯೇ ಹೊರತು ರಾಜಕೀಯವಲ್ಲ ಎಂಬುದು ಈ ವಾದ. ಅರ್ಧ ಸರಿ. ಯುದ್ಧವನ್ನು ಬಿಟ್ಟು ಕಟ್ಟಡವನ್ನು ಯಾಕೆ ತೆಗೆದ ಎಂಬುದಕ್ಕೆ ಇದು ಉತ್ತರ. ಯಾವ ಕಟ್ಟಡವನ್ನು ತೆಗೆದ, ಯಾವ ಘಟನೆಯ ಹೆಸರಲ್ಲಿ ಮಾರಿದ ಎಂಬುದಕ್ಕೆ ಉತ್ತರವಲ್ಲ. ಗೋಡೆ ಕೆಡವುವ ಕೂಲಿಯವರನ್ನು ಕೂಡ ನಿಲ್ಲಿಸಿ ತೆಗೆಯಬಹುದಿತ್ತು. ಸಿಕಂದರ್ ಬಾಗ್‌ನಲ್ಲಿ ಜನರನ್ನೂ ಕುದುರೆಯನ್ನೂ ನಿಲ್ಲಿಸಿಯೇ ತೆಗೆದಿದ್ದಾನೆ. ಇನ್ನು ಮೂಳೆಗಳನ್ನು ಅಂಗಳದಲ್ಲಿ ಹರವಿಸಲು ಯಾವ ರಸಾಯನವೂ ಒತ್ತಾಯಿಸಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬೆಯಾಟೊ ಸರಕಾರದ ನೌಕರನಲ್ಲ, ವ್ಯಾಪಾರಿ. ಮೇಲಾಗಿ ದೃಶ್ಯವನ್ನು ಜೋಡಿಸಿಕೊಳ್ಳುವುದು ಅಂದಿನ ಎಲ್ಲರ ರೂಢಿ. ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾದ ಕಣಿವೆಯೊಂದನ್ನು ಎರಡು ಸಲ ತೆಗೆದ, ಒಂದರಲ್ಲಿ ತೋಪಿನ ಗುಂಡುಗಳು ರಸ್ತೆಯ ಮೇಲಿವೆ, ಇನ್ನೊಂದರಲ್ಲಿ ಪಕ್ಕಕ್ಕಿವೆ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ರಣರಂಗದ ಹೆಣವೊಂದನ್ನು ಅಲೆಕ್ಸಾಂಡರ್ ಗಾರ್ಡ್‌ನರ್ ತಂಡ ಬೇರೆಡೆಗೆ ಎಳೆದು ಮಲಗಿಸಿದ್ದು ನೂರು ವರ್ಷದ ಮೇಲೆ ಪತ್ತೆಯಾಯಿತು. 1865ರಲ್ಲಿ ಸುಟ್ಟ ರಿಚ್‌ಮಂಡ್ ನಗರದ ಚಿತ್ರಗಳೂ ಲಖನೌದ ಚಿತ್ರಗಳಂತೆಯೇ ಇವೆ. ಹಾಗಿರುವಾಗ ವಸಾಹತುಶಾಹಿಯನ್ನು ಮಾತ್ರ ದೂರುವುದೇಕೆ? ಇದಕ್ಕೆ ನನ್ನ ಉತ್ತರ, ದೂರು ಛಾಯಾಗ್ರಾಹಕನ ಮೇಲಲ್ಲ. ಬೆಯಾಟೊ ಸುಳ್ಳು ಹೇಳಿದ ಎಂದು ಸಾಬೀತು ಮಾಡುವುದರಲ್ಲಿ ನನಗೆ ಆಸಕ್ತಿಯೂ ಇಲ್ಲ. ರಿಚ್‌ಮಂಡ್‌ನ ಸುಟ್ಟ ಬೀದಿಗಳನ್ನು ಮತ್ತೆ ಕಟ್ಟಿದವರು ಅಲ್ಲಿನವರೇ. ಆ ಫೋಟೋಗಳನ್ನು ಕೊಂಡು ಇಟ್ಟುಕೊಂಡವರಲ್ಲಿ, ಅವುಗಳ ಬಗ್ಗೆ ಜಗಳವಾಡಿದವರಲ್ಲಿ ಸೋತವರೂ ಇದ್ದರು. ಲಖನೌದಲ್ಲಿ ಚಿತ್ರ ತೆಗೆದವನಿಗೆ ಅನುಮತಿ ಕೊಟ್ಟವರು, ಚಿತ್ರ ಕೊಂಡವರು, ಚಿತ್ರದಲ್ಲಿರುವ ಕಟ್ಟಡದ ಹಣೆಬರಹ ಬರೆದವರು ಎಲ್ಲ ಒಂದೇ ಪಕ್ಷ. ಮನೆಯ ಯಜಮಾನ ಕಲ್ಕತ್ತಾದಲ್ಲಿ ಬಂದಿ, ಬೇಗಂ ನೇಪಾಳದ ದಾರಿಯಲ್ಲಿ. ಇದು ನಾನಲ್ಲ, ನೀನು ಮಾಡಿದ್ದು ಎಂದು ಚಿತ್ರದೊಂದಿಗೆ ವಾದಿಸಬಲ್ಲವರು ಯಾರೂ ಉಳಿದಿರಲಿಲ್ಲ.

ನೋಟ ಬಿಳಿಯರದಾದ್ದರಿಂದ ಹೀಗಾಯಿತು ಎಂಬ ಸುಲಭದ ವಿವರಣೆಯನ್ನೂ ನಾನು ಒಪ್ಪುವುದಿಲ್ಲ. ಲಖನೌದಲ್ಲಿ ಭಾರತೀಯ ಫೋಟೋಗ್ರಾಫರು ಬೆಯಾಟೊಗಿಂತ ಮೊದಲೇ ಇದ್ದರು. ಅಹ್ಮದ್ ಅಲಿ ಖಾನ್ ಬಂಡಾಯಕ್ಕೆ ಮುಂಚೆಯೇ ಅಲ್ಲಿನ ಆಸ್ಥಾನದವರ, ಯುರೋಪಿಯನ್ನರ ಭಾವಚಿತ್ರ ತೆಗೆದಿದ್ದಾತ. ಮುತ್ತಿಗೆಯಲ್ಲಿ ಸತ್ತ ಎಷ್ಟೋ ಇಂಗ್ಲಿಷರ ಮುಖ ಇಂದಿಗೆ ಉಳಿದಿರುವುದು ಅವನಿಂದ. 1874ರಲ್ಲಿ ಲಖನೌದ ಐವತ್ತು ನೋಟಗಳ ಆಲ್ಬಮ್ ಪ್ರಕಟಿಸಿದ ದರೋಗಾ ಅಬ್ಬಾಸ್ ಅಲಿ ಅಲ್ಲಿನ ಮುನಿಸಿಪಾಲಿಟಿಯ ಇಂಜಿನಿಯರ್. ಆತನ ಪುಸ್ತಕವೂ ನಡೆಯುವುದು ದಂಗೆಯ ಜಾಗಗಳನ್ನು ನೋಡಬಂದ ಇಂಗ್ಲಿಷ್ ಪ್ರವಾಸಿಯ ಹಾದಿಯಲ್ಲೇ. ಗಿರಾಕಿ ಯಾರೋ ದಾರಿ ಅವನದು. ಚರ್ಮದ ಬಣ್ಣಕ್ಕಿಂತ ಇದೇ ಹೆಚ್ಚು ಹೇಳುತ್ತದೆ.

ಕ್ಯಾಮೆರಾ ಬರುವ ಮುಂಚಿನ ಒಂದು ಉದಾಹರಣೆ ನಮ್ಮಲ್ಲೇ ಇದೆ. ಮೈಸೂರು ಯುದ್ಧಗಳ ಕಾಲಕ್ಕೆ ಸೈನ್ಯದ ಬೆನ್ನಿಗೆ ಚಿತ್ರಕಾರರು ಬಂದಿದ್ದರು. ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್ ಇಬ್ಬರೂ 1794ರಲ್ಲಿ ಮೈಸೂರು ಸೀಮೆಯ ದೃಶ್ಯಾವಳಿಗಳನ್ನು ಪ್ರಕಟಿಸಿದರು. ಕೋಟೆ, ಬೆಟ್ಟ, ದಾಳಿಯ ದಾರಿ ಅವುಗಳ ವಸ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಗಳು ಹೋದದ್ದು ತೋಪಿನಿಂದಲ್ಲ. ಊಟಿಯಲ್ಲಿ 1830ರ ಹೊತ್ತಿಗೆ ಎದ್ದ ಸೇಂಟ್ ಸ್ಟೀಫನ್ಸ್ ಇಗರ್ಜಿಗೆ ಶ್ರೀರಂಗಪಟ್ಟಣದ ಅರಮನೆಯ ಮರವನ್ನು ಬೆಟ್ಟ ಹತ್ತಿಸಿ ಸಾಗಿಸಿದ್ದು ಪ್ರಸಿದ್ಧ ಸಂಗತಿ. ಸೈನ್ಯ ಕೋಟೆಯ ಗೋಡೆಯೊಡೆದ ಜಾಗಕ್ಕೆ ಮುಂದೆ ಸ್ಮಾರಕಸ್ತಂಭ ಬಂತು, ಮರ ಬಿಚ್ಚಿದ ಜಾಗಕ್ಕೆ ಬರಲಿಲ್ಲ. ಇನ್ನೊಂದು ಕಡೆ ನೋಡಿದರೆ, 1855ರ ಸುಮಾರಿಗೆ ಕಂಪನಿಯೇ ಪ್ರಾಚೀನ ಕಟ್ಟಡಗಳನ್ನು ಫೋಟೋದಲ್ಲಿ ದಾಖಲಿಸುವ ಉತ್ಸಾಹ ತೋರಿತು. ಲಿನಿಯಸ್ ಟ್ರೈಪ್ 1854ರ ಕೊನೆಗೆ ಹಳೇಬೀಡಿನಲ್ಲಿದ್ದ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ಥಾಮಸ್ ಬಿಗ್ಸ್, ವಿಲಿಯಂ ಪಿಗೌ ಬಿಜಾಪುರ, ಧಾರವಾಡ ಸೀಮೆಗಳಲ್ಲಿ ಓಡಾಡಿದರು. ಇವರೆಲ್ಲ ಸೈನ್ಯದ ಅಥವಾ ಸರಕಾರಿ ಸೇವೆಯ ಜನ, ಕೆಲಸ ಅತ್ಯುತ್ತಮ. ಆದರೆ ಹಂಪಿ ಹಾಳಾದದ್ದಕ್ಕೆ ಕಂಪನಿ ಹೊಣೆಯಲ್ಲ, ಬಿಜಾಪುರಕ್ಕೂ ಅಲ್ಲ. ಹಳೆಯ ದೊರೆಗಳು ಕೆಡಿಸಿಕೊಂಡದ್ದನ್ನು ಹೊಸ ದೊರೆ ಜೋಪಾನ ಮಾಡುತ್ತಾನೆ ಎಂಬ ಮಾತು ಆ ಚಿತ್ರಗಳಿಗೆ ಸಲೀಸಾಗಿ ಅಂಟಿಕೊಂಡಿತು. ಎರಡೇ ವರ್ಷದ ಬಳಿಕ ಲಖನೌದ ಚಿತ್ರಗಳು ಬಂದಾಗ ನೋಡುಗನಿಗೆ ಪಾಳು ಎಂದರೆ ಏನೆಂದು ಆಗಲೇ ಗೊತ್ತಿತ್ತು: ಅದು ಅವರದು, ಹಿಂದಿನದು, ನಾವು ಬರುವ ಮೊದಲೇ ಆದದ್ದು.

ಬೆಯಾಟೊ ಭಾರತದಿಂದ ಚೀನಾಕ್ಕೆ ಹೋದ. 1860ರ ಅಕ್ಟೋಬರಿನಲ್ಲಿ ಬೀಜಿಂಗ್ ಹೊರಗಿನ ಯುವಾನ್‌ಮಿಂಗ್ ಯುವಾನ್ ಅರಮನೆ ತೋಟವನ್ನು ಆಂಗ್ಲೋ-ಫ್ರೆಂಚ್ ಸೈನ್ಯ ಮೊದಲು ಲೂಟಿಮಾಡಿತು, ಆಮೇಲೆ ಲಾರ್ಡ್ ಎಲ್ಗಿನ್ ಆಜ್ಞೆಯಂತೆ ಬ್ರಿಟಿಷ್ ಸೈನಿಕರು ಬೆಂಕಿಯಿಟ್ಟರು. ಆ ಸೈನ್ಯದಲ್ಲಿ ಭಾರತೀಯ ದಳಗಳೂ ಇದ್ದವು. ಬಹುಪಾಲು ಮರದ ಕಟ್ಟಡಗಳಾದ್ದರಿಂದ ಉಳಿದದ್ದು ಬೂದಿ. ಬೂದಿಯ ಫೋಟೋ ಯಾರಿಗೂ ಬೇಕಿಲ್ಲ. ತೋಟದ ಒಂದು ಮೂಲೆಯಲ್ಲಿದ್ದ ಯುರೋಪಿಯನ್ ಶೈಲಿಯ ಕಲ್ಲಿನ ಮಹಲುಗಳು ಪೂರ್ತಿ ಸುಡದೆ ನಿಂತವು, 1870ರ ದಶಕದಲ್ಲಿ ಜರ್ಮನಿಯ ಅರ್ನ್‌ಸ್ಟ್ ಓಲ್ಮರ್ ಅವನ್ನು ಗಾಜಿನ ಫಲಕಗಳಲ್ಲಿ ತೆಗೆದ. ಈಗ ಯುವಾನ್‌ಮಿಂಗ್ ಯುವಾನ್ ಎಂದರೆ ಜಗತ್ತಿಗೆ ಕಣ್ಣಮುಂದೆ ಬರುವುದು ಆ ಕಲ್ಲಿನ ಕಂಬಗಳೇ, ಇಡೀ ತೋಟದಲ್ಲಿ ಅವುಗಳ ಪಾಲು ತೀರ ಸಣ್ಣದಾಗಿದ್ದರೂ. ಓಲ್ಮರ್ ಚಿತ್ರಗಳ ಜೊತೆ ಇಂದಿನ ಸ್ಥಿತಿಯನ್ನು ಹೋಲಿಸಿದರೆ ಆ ಕಲ್ಲುಗಳೂ ಬೆಂಕಿಯ ನಂತರದ ದಶಕಗಳಲ್ಲಿ ಎಷ್ಟು ಕಳಚಿಹೋದವು ಎಂಬುದು ತಿಳಿಯುತ್ತದೆ. ಚಿತ್ರದಲ್ಲಿ ಸಿಕ್ಕಿದ್ದೇ ನಾಶದ ಅಳತೆ ಎಂದುಕೊಂಡರೆ ಲೆಕ್ಕ ಎರಡೂ ಕಡೆಯಿಂದ ತಪ್ಪುತ್ತದೆ. ಸುಟ್ಟದ್ದರ ಲೆಕ್ಕವೂ ತಪ್ಪುತ್ತದೆ, ಸುಟ್ಟ ಮೇಲೆ ಹೋದದ್ದರ ಲೆಕ್ಕವೂ.

ಕೊನೆಯ ಆಕ್ಷೇಪ ಉಳಿದಿದೆ. ಬೆಯಾಟೊ ಬಾರದೆ ಇದ್ದಿದ್ದರೆ ನವಾಬಿ ಲಖನೌದ ಈ ವಿವರಗಳು ನಮಗೆ ಸಿಗುತ್ತಲೇ ಇರಲಿಲ್ಲ; ಅವನಿಂದಲೇ ತಿಳಿದು ಅವನನ್ನೇ ಅನುಮಾನಿಸುವುದು ಕೃತಘ್ನತೆಯಲ್ಲವೇ ಎಂಬುದು. ಅವನ ಚಿತ್ರಗಳು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಡವಾದದ್ದು ಅವುಗಳ ಶೀರ್ಷಿಕೆ ಹೇಳಿದಂತೆ ಓದುವ ಅಭ್ಯಾಸ. ಬೇರೆ ಓದು ಹೇಗಿರಬಹುದು ಎಂಬುದಕ್ಕೆ ಮಾದರಿಗಳು ಇವೆ. ಇತಿಹಾಸಕಾರರಾದ ಜಿಮ್ ಮಸೆಲೋಸ್ ಮತ್ತು ನಾರಾಯಣಿ ಗುಪ್ತಾ ಬೆಯಾಟೊನ ದಿಲ್ಲಿ ಚಿತ್ರಗಳ ಪಕ್ಕದಲ್ಲಿ ಅದೇ ಜಾಗಗಳ 1997ರ ಚಿತ್ರಗಳನ್ನಿಟ್ಟು 2000ದಲ್ಲಿ ಪುಸ್ತಕ ಮಾಡಿದರು. ಹಂಪಿಯಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಇತಿಹಾಸಕಾರ್ತಿ ರೋಸಿ ಲೆವೆಲಿನ್-ಜೋನ್ಸ್ ಅವರ ದಶಕಗಳ ಶ್ರಮದಿಂದ ಲಖನೌದ ಹಳೆಯ ಚಿತ್ರಗಳಲ್ಲಿ ಯಾವ ಗೋಡೆ ಯಾವ ಮಹಲಿನದು ಎಂಬುದು ಬಹುಮಟ್ಟಿಗೆ ತಿಳಿದಿದೆ. ಆದರೆ ಅಂದು ಮತ್ತು ಇಂದು ಎಂಬ ಎರಡೇ ಚಿತ್ರಗಳ ಹೋಲಿಕೆ ನಡುವಿನ ಕಾಲವನ್ನು ನುಂಗಿಬಿಡುತ್ತದೆ. ಕಟ್ಟಡ ಇಲ್ಲವಾದದ್ದು ಕಾಲದ ಮಹಿಮೆ ಎನಿಸಿಬಿಡುತ್ತದೆ. ಲಖನೌಗೆ ಮೂರನೆಯ ಚಿತ್ರವೂ ಇದೆ ಎಂಬುದು ಅದೃಷ್ಟ. ಬೆಯಾಟೊನ 1858ರ ಪನೋರಮಾ, ನೇಪಿಯರ್ ಯೋಜನೆ ಸೀಳಿದ ರಸ್ತೆಗಳ ನಕ್ಷೆ, ಹದಿನಾರು ವರ್ಷದ ನಂತರದ ಅಬ್ಬಾಸ್ ಅಲಿಯ ಆಲ್ಬಮ್, ಇವು ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಯಾವ ತಾರಸಿ ಯಾವ ವರ್ಷಗಳ ನಡುವೆ ಇಲ್ಲವಾಯಿತು ಎಂದು ಮನೆಮನೆಯಾಗಿ ಗುರುತುಹಾಕುತ್ತ ಹೋಗಬಹುದು. ಹಾಗೆ ಗುರುತಾದ ಮನೆಗಳಲ್ಲಿ ಬಹಳಷ್ಟು 1858ರ ಏಪ್ರಿಲ್‌ನಲ್ಲಿ ಸೂರು ಸಮೇತ ನೆಟ್ಟಗೆ ನಿಂತಿದ್ದವು.